ಕೆಂಚನಕೊಪ್ಪಕ್ಕೆ ನಳ ಬಂದ ದಿನ

ಕೆಂಚನಕೊಪ್ಪಕ್ಕೆ ಹೆಣ್ಣು ಕೊಡಬೇಕೆಂದರೆ ಸುತ್ತಲಿನ ಊರವರು ಹಿಂದುಮುಂದು ನೋಡುತ್ತಿದ್ದರು. ಊರೇನು ಕೆಟ್ಟದ್ದಲ್ಲ. ಮುಂಡಗೋಡದಿಂದ ಹೊರಟು ಚಿಗಳ್ಳಿ ದಾಟಿ ಒಂದಿಷ್ಟು ನಡೆದರೆ ಸಿಗುವ, ಭತ್ತ ಬೆಳೆಯುವ, ಹೊಟ್ಟೆಬಟ್ಟೆಗೆ ಕಡಿಮೆಯಿಲ್ಲದ ಊರು. ಆದರೆ ಅದನ್ನು ಕಟ್ಟಿದ ಹಿರಿಯರು ಯಾವ ಗುಂಗಿನಲ್ಲಿದ್ದರೋ ಏನೋ, ಮನೆಗಳನ್ನೆಲ್ಲ ದಿಬ್ಬದ ಮೇಲೆ ಕಟ್ಟಿ ನೀರನ್ನು ಕೆಳಗೆ ಹಳ್ಳದಲ್ಲೇ ಬಿಟ್ಟುಬಿಟ್ಟಿದ್ದರು. ಗಂಡಸರಿಗೆ ಇದರಿಂದ ಒಂದಿಷ್ಟೂ ತೊಂದರೆಯಾಗಿರಲಿಲ್ಲ, ಯಾಕೆಂದರೆ ಕೊಡ ಹೊರುವವರು ಅವರಲ್ಲ. ಹೀಗಾಗಿ ಊರು ಹುಟ್ಟಿದಾಗಿನಿಂದ ಆ ವಿಷಯವನ್ನು ಯಾರೂ ತಲೆಗೆ ಹಚ್ಚಿಕೊಂಡಿರಲಿಲ್ಲ. ತಲೆಗೆ ಹಚ್ಚಿಕೊಂಡ ಮೊದಲ ಗಂಡಸು ಗೂಳಪ್ಪ.

ಗೂಳಪ್ಪ ದೊಡ್ಡ ಸಮಾಜ ಸುಧಾರಕನೇನೂ ಅಲ್ಲ. ಅವನಿಗೆ ಮದುವೆಯಾಗಬೇಕಿತ್ತು, ಅಷ್ಟೇ. ಹೊಲ ಇತ್ತು, ಎತ್ತು ಇದ್ದವು, ಮೀಸೆ ಚೆನ್ನಾಗಿತ್ತು, ಮನೆಯಲ್ಲಿ ಅವ್ವ ಶಿವವ್ವ ಒಬ್ಬಳೇ ಇದ್ದಳು. ಇಷ್ಟಿದ್ದೂ ಇಪ್ಪತ್ತೆಂಟು ತುಂಬಿದವನಿಗೆ ಹೆಣ್ಣು ಸಿಕ್ಕಿರಲಿಲ್ಲ. ಹೆಣ್ಣಿನ ಕಡೆಯವರು ಬರುತ್ತಿದ್ದರು, ಮನೆ ನೋಡುತ್ತಿದ್ದರು, ಹೊಲ ನೋಡುತ್ತಿದ್ದರು, ಅವಲಕ್ಕಿ ತಿನ್ನುತ್ತಿದ್ದರು, ಕೈ ತೊಳೆಯಲು ನೀರು ಕೇಳುತ್ತಿದ್ದರು. ಅಲ್ಲಿಗೆ ಮುಗಿಯಿತು. ನೀರು ಎಲ್ಲಿಂದ ತರುತ್ತೀರಿ ಎಂಬ ಮಾತು ಬಂತೆಂದರೆ ಅವರು ಎದ್ದು ಚಪ್ಪಲಿ ಹುಡುಕುತ್ತಿದ್ದರು.

ಹೀಗಿರುವಾಗ ಹಳಿಯಾಳದಲ್ಲಿ ಒಂದು ನೆಂಟರ ಮದುವೆಯಾಯಿತು. ಅಲ್ಲಿ ಗೂಳಪ್ಪ ಮಾಲವ್ವನನ್ನು ಕಂಡ. ಅವಳ ಅಪ್ಪ ಮುದಕಪ್ಪ ಧಾರವಾಡದ ಕಡೆಯವನು, ದಾಂಡೇಲಿಯ ಕಾಗದದ ಗಿರಣಿ ಶುರುವಾದಾಗ ಬಂದು ಕೆಲಸಕ್ಕೆ ಸೇರಿದವನು. ಬಂಗೂರನಗರದಲ್ಲಿ ಕಂಪನಿ ಕೊಟ್ಟ ಮನೆ, ಮನೆಯ ಹಿಂದೆಯೇ ನಳ. ಹಿರಿಯರು ಪರಿಚಯ ಮಾಡಿಸಿದಾಗ ಮಾಲವ್ವ ನಾಚಿ ತಲೆ ತಗ್ಗಿಸುವುದನ್ನು ಬಿಟ್ಟು ನೇರ ಕೇಳಿಯೇ ಬಿಟ್ಟಳು.

"ನಿಮ್ಮೂರಾಗ ಹಳ್ಳದಿಂದ ಮನೀಗೆ ಏರು ಐತಿ ಅಂತಾರ, ಖರೇ ಏನ್ರಿ?"

"ಖರೇನ ಐತ್ರಿ," ಎಂದ ಗೂಳಪ್ಪ. "ಹತ್ತೂದು ಹೋಗ್ಲಿ, ಇಳಿಯೂದಕ್ಕೂ ಉಸಿರು ಬೇಕು."

"ಮೂರು ಮಂದಿ ನನ್ನ ನೋಡಾಕ ಬಂದಿದ್ರು. ಎಲ್ಲಾರೂ ಏನೇನೋ ಸುಳ್ಳ ಹೇಳಿ ಹೋದ್ರು," ಎಂದು ಮಾಲವ್ವ ಅಪ್ಪನ ಮುಖ ನೋಡಿದಳು. ನಾಲ್ಕನೆಯವನು ಪರವಾಗಿಲ್ಲ ಎಂಬ ಅರ್ಥ ಆ ನೋಟದಲ್ಲಿ ಎದ್ದು ಕಾಣುತ್ತಿತ್ತು. ಗೂಳಪ್ಪನ ಮನಸ್ಸು ಅಲ್ಲೇ ಜಾರಿ ಬಿತ್ತು. ಹೋಳಿಗೆಯ ಮೇಲೆ ತುಪ್ಪ ಹಾಕಿಸಿಕೊಳ್ಳುವುದನ್ನೂ ಅವನು ಮರೆತ.

ಮುದಕಪ್ಪ ಮಾತ್ರ ಜಾರುವ ಆಸಾಮಿಯಲ್ಲ. ಅವನು ಗೂಳಪ್ಪನನ್ನು ಪಕ್ಕಕ್ಕೆ ಕರೆದು, "ತಮ್ಮಾ, ನೀ ಹುಡುಗ ಚೊಲೊ ಇದ್ದಿ. ಆದ್ರ ನಳ ತಿರುವಿ ನೀರು ಹಿಡದ ಮಗಳನ್ನ ನಾ ಹಳ್ಳಕ್ಕ ಇಳಸೂದಿಲ್ಲ. ಬರೂ ಯುಗಾದಿಯೊಳಗ ನಿಮ್ಮೂರಿಗೆ ನಳ ಬಂದ್ರ ನನ್ನ ಕಣ್ಣಿಂದ ನೋಡಿ ಮಾತು ಮುಗಸ್ತೇನಿ. ಬರಲಿಲ್ಲಂದ್ರ ಗಿರಣ್ಯಾಗ ಒಬ್ಬ ಕಾರಕೂನ ಕೇಳಾಕತ್ಯಾನ, ಅವಗ ಕೊಡ್ತೇನಿ," ಎಂದ.

ಊರಿಗೆ ಹೊಳ್ಳಿ ಬಂದ ಗೂಳಪ್ಪ ಪಂಚಾಯತಿಗೆ ಆರಿಸಿ ಬಂದಿದ್ದು ತನಗೇ ನೆನಪಾದವನಂತೆ ಎದ್ದು ಕುಂತ. ಊರಿಗೆ ನೀರು ತರುವುದಕ್ಕೆ ಸರ್ಕಾರ ಸಾಲ ಕೊಡುತ್ತದೆ ಎಂದು ತಾಲೂಕಿನಿಂದ ಹಿಂದೊಮ್ಮೆ ಕಾಗದ ಬಂದಿತ್ತು. ಚೇರ್ಮನ್ ಬಸಲಿಂಗಯ್ಯನವರು ಅದನ್ನು ಓದಿ, ಸಾಲ ಎಂಬ ಶಬ್ದ ಕಂಡೊಡನೆ ಮಡಿಸಿ ಜಂತಿಗೆ ಸಿಕ್ಕಿಸಿದ್ದರು.

"ಸರ್ಕಾರದ ಸಾಲ ಅಂದ್ರ ಹುಡುಗಾಟಲ್ಲೋ ಗೂಳಪ್ಪ," ಎಂದರು ಅವರು. "ತೀರಲಿಲ್ಲಂದ್ರ ಊರನ್ನ ಹರಾಜ ಹಾಕ್ತಾರ."

"ಹಾಕ್ಲಿ ಬಿಡ್ರಿ ಅಯ್ಯನೋರ. ನೀರಿಲ್ಲದ ದಿಬ್ಬ ಯಾಂವ ಹಿಡೀತಾನ?"

ಮೊದಲು ಪಂಚಾಯತಿಯಲ್ಲಿ ಠರಾವು ಆಗಬೇಕು. ಸಾಲ ತೀರಿಸಲು ಮನೆಮನೆಗೂ ನೀರಿನ ಪಟ್ಟಿ ಹಾಕುತ್ತೇವೆಂದು ಅದರಲ್ಲಿ ಬರೆದುಕೊಡಬೇಕು. ಈ ಮಾತು ಬಂದದ್ದೇ ತಡ, ಗುಡಿಯ ಕಟ್ಟೆಯ ಮೇಲೆ ಗದ್ದಲವೆದ್ದಿತು. ಹಳ್ಳದ ನೀರಿಗೆ ಯಾರಾದರೂ ರೊಕ್ಕ ಕೊಡುತ್ತಾರೆಯೇ ಎಂದು ಗಂಡಸರೆಲ್ಲ ಒಂದೇ ಉಸಿರಿನಲ್ಲಿ ಕೇಳಿದರು. ಅಷ್ಟರಲ್ಲಿ ಗೋಡೆಯ ಆಚೆಯಿಂದ ಗೂಳಪ್ಪನ ನೆರೆಮನೆಯ ಯಲ್ಲವ್ವನ ದನಿ ಬಂತು. "ಹಂಗಾರ ನಾಳಿಂದ ಕೊಡ ನೀವ ಹೊರ್ರಿ." ಗೋಡೆಯ ಆಚೆ ಯಲ್ಲವ್ವ ಒಬ್ಬಳೇ ಇರಲಿಲ್ಲ, ಊರಿನ ಅರ್ಧ ಹೆಂಗಸರು ಇದ್ದರು ಎಂಬುದು ಕೆಮ್ಮಿನಿಂದ ಗೊತ್ತಾಯಿತು. ಠರಾವು ಪಾಸಾಯಿತು. ಅಷ್ಟು ಬೇಗ ಆ ಪಂಚಾಯತಿಯಲ್ಲಿ ಹಿಂದೆಂದೂ ಯಾವುದೂ ಪಾಸಾಗಿರಲಿಲ್ಲ.

ಆಮೇಲಿನ ಕಥೆ ಕಾಲಿನ ಕಥೆ. ಅಂದಾಜುಪಟ್ಟಿ ಮಾಡಿಸಲು ಮುಂಡಗೋಡಕ್ಕೆ, ಅದರಲ್ಲಿ ತಪ್ಪಿದೆಯೆಂದು ಶಿರಸಿಗೆ, ತಪ್ಪು ತಿದ್ದಿದ್ದರಲ್ಲಿ ಮತ್ತೊಂದು ತಪ್ಪಿದೆಯೆಂದು ಕಾರವಾರಕ್ಕೆ. ಗೂಳಪ್ಪ ಹೋದ ಕಡೆಯೆಲ್ಲ ಬಾಗಿಲ ಬಳಿ ನಿಂತು, ಯಾರು ಬಂದರೂ ನಮಸ್ಕಾರ ಮಾಡುತ್ತಿದ್ದ. ಇವನು ಯಾವ ಕೆಲಸಕ್ಕೆ ಬಂದವನೆಂದು ಕಚೇರಿಯ ಜವಾನರಿಗೂ ಬಾಯಿಪಾಠವಾಗಿ, ಕೊನೆಗೆ ಅವರೇ "ಕೆಂಚನಕೊಪ್ಪದ ಮದುಮಗ ಬಂದಾನ್ರಿ" ಎಂದು ಒಳಗೆ ಹೇಳತೊಡಗಿದರು. ಮಂಜೂರಿ ಬಂತು. ಜೊತೆಗೆ ಒಂದು ಷರತ್ತೂ ಬಂತು, ಮಾರ್ಚ್ ಅಖೇರಿಯೊಳಗೆ ಕೆಲಸ ಮುಗಿದು ನೀರು ಹರಿಯದಿದ್ದರೆ ಉಳಿದ ಸಾಲ ಸಿಗುವುದಿಲ್ಲ. ಆ ವರ್ಷ ಯುಗಾದಿಯೂ ಅದರ ಬೆನ್ನಿಗೇ ಇತ್ತು. ಸರ್ಕಾರವೂ ಮುದಕಪ್ಪನೂ ಸೇರಿ ಮಾತಾಡಿಕೊಂಡಿದ್ದಾರೇನೋ ಎಂದು ಗೂಳಪ್ಪನಿಗೆ ಅನುಮಾನ ಬಂತು.

ಐದು ನಳಗಳನ್ನು ಎಲ್ಲೆಲ್ಲಿ ಕೂರಿಸಬೇಕೆಂಬುದಕ್ಕೆ ಒಂದು ವಾರ ಜಗಳವಾಯಿತು. ಪಂಚರೆಲ್ಲರಿಗೂ ತಮ್ಮ ಬಾಗಿಲ ಮುಂದೆಯೇ ಬೇಕಿತ್ತು. ಕಬ್ಬಿಣದ ಕೊಳವೆಗಳು ಹುಬ್ಬಳ್ಳಿಯಿಂದ ಲಾರಿಯಲ್ಲಿ ಬಂದವು, ಬಂದು ಓಣಿಯ ಬದಿಗೆ ಮಲಗಿದವು. ಗುತ್ತಿಗೆದಾರ ಹೂಳಲು ಬರುವಷ್ಟರಲ್ಲಿ ಊರವರು ಅವುಗಳ ಮೇಲೆ ಕುಂತು ಎಲೆಅಡಿಕೆ ಹಾಕುವುದನ್ನು ರೂಢಿ ಮಾಡಿಕೊಂಡಿದ್ದರು. ಒಂದು ಕೊಳವೆಯೊಳಗೆ ಯಲ್ಲವ್ವನ ಕೋಳಿ ಕಾವು ಕುಂತುಬಿಟ್ಟಿತ್ತು. ಮರಿ ಒಡೆಯುವ ತನಕ ಕೊಳವೆ ಮುಟ್ಟಕೂಡದೆಂದು ಯಲ್ಲವ್ವ ಅಡ್ಡ ನಿಂತಳು. ಸರ್ಕಾರದ ಕೆಲಸ ಕೋಳಿಗಾಗಿ ನಿಲ್ಲುವುದುಂಟೇ ಎಂದು ಗುತ್ತಿಗೆದಾರ ಕುಣಿದಾಡಿದ. ನಿಂತಿತು. ಆ ಒಂದು ಕೊಳವೆ ಬಿಟ್ಟು ಮುಂದಿನದನ್ನೆಲ್ಲ ಹೂಳಿ, ಮರಿಗಳು ಚಿಂವ್ ಚಿಂವ್ ಎನ್ನುತ್ತ ಹೊರಗೆ ಬಂದ ಮೇಲೆ ಆ ಸಂದು ಜೋಡಿಸಿದರು.

ಹಳ್ಳದ ಪಕ್ಕದ ಬಾವಿಗೆ ಡೀಸೆಲ್ ಇಂಜಿನ್ ಕೂತಿತು. ಅದನ್ನು ನಡೆಸಲು ಗೂಳಪ್ಪನ ಗೆಳೆಯ ಸಾತಪ್ಪ ನೇಮಕವಾದ. ಪಂಚಾಯತಿ ಕಟ್ಟೆಯ ಪಕ್ಕದಲ್ಲಿ ನಾಲ್ಕು ಕಂಬದ ಮೇಲೆ ನೀರಿನ ಟಾಕಿ ಎದ್ದಿತು, ಅದಕ್ಕೆ ಕಬ್ಬಿಣದ ಏಣಿ, ನೆತ್ತಿಯ ಮೇಲೊಂದು ಮುಚ್ಚಳ. ಗುತ್ತಿಗೆದಾರ ಮೊದಲು ಸ್ವಲ್ಪ ನೀರು ಏರಿಸಿ ಐದೂ ನಳ ತಿರುವಿ ನೋಡಿದ. ಐದಕ್ಕೂ ನೀರು ಬಂತು. ಮರುದಿನ ಟಾಕಿ ಕಂಠಮಟ್ಟ ತುಂಬಿಸಿದರು, ಎಲ್ಲೂ ಒಂದು ಹನಿ ಸೋರಲಿಲ್ಲ. ಇನ್ನು ಉಳಿದದ್ದು ಒಂದೇ ಮೆಟ್ಟಿಲು. ಓವರ್‌ಸಿಯರ್ ಸಾಹೇಬರು ಬಂದು, ಐದೂ ನಳದಲ್ಲಿ ನೀರು ಬರುವುದನ್ನು ಕಣ್ಣಾರೆ ನೋಡಿ, ಕೆಲಸ ಮುಗಿಯಿತೆಂದು ರುಜು ಹಾಕುವುದು.

ಅವರು ಬರುವ ದಿನಕ್ಕೇ ಗೂಳಪ್ಪ ದಾಂಡೇಲಿಗೂ ಹೇಳಿ ಕಳಿಸಿದ. ಯುಗಾದಿಗೆ ಇನ್ನೆರಡು ದಿನವಿತ್ತು. ಮುದಕಪ್ಪ, ಅವನ ಹೆಂಡತಿ ಸಿದ್ದಕ್ಕ, ಮಾಲವ್ವ ಮೂವರೂ ಮುಂಡಗೋಡದಲ್ಲಿ ಮೋಟಾರಿನಿಂದ ಇಳಿದು, ಗೂಳಪ್ಪನ ಚಕ್ಕಡಿಯಲ್ಲಿ ಕೂತು ಊರಿಗೆ ಬಂದರು. ಕಟ್ಟೆಯ ಮುಂದೆ ಹಂದರ, ಮಾವಿನ ತೋರಣ. ನಳಕ್ಕೆ ಅರಿಷಿಣ ಕುಂಕುಮ ಹಚ್ಚಿ ಮಾಲೆ ಹಾಕಿದ್ದರು, ಅದು ಮದುಮಗನಿಗಿಂತ ಹೆಚ್ಚು ನಾಚಿಕೊಂಡಂತೆ ಕಾಣುತ್ತಿತ್ತು. ಸಿದ್ದಕ್ಕ ಹಾದಿಯುದ್ದಕ್ಕೂ ಒಂದು ಮಾತೂ ಆಡಿರಲಿಲ್ಲ, ಬಂದ ಮೇಲೂ ಆಡಲಿಲ್ಲ. ಎಲ್ಲವನ್ನೂ ನೋಡುತ್ತ ಸುಮ್ಮನೆ ಕುಂತಳು. ಅವಳ ಮೌನ ಕಂಡು ಗೂಳಪ್ಪನಿಗೆ ಓವರ್‌ಸಿಯರ್‌ಗಿಂತ ಅವಳದೇ ಹೆಚ್ಚು ಅಂಜಿಕೆಯಾಯಿತು.

ಬಸಲಿಂಗಯ್ಯನವರು ಒಂದು ಭಾಷಣ ಮಾಡಿದರು. ಯಾರೂ ಕೇಳಲಿಲ್ಲ. ಆಮೇಲೆ ಓವರ್‌ಸಿಯರ್ ಸಾಹೇಬರು ನಳ ತಿರುವಿದರು.

ಫುಸ್ ಎಂದಿತು. ಒಂದು ಹನಿ ಬಿತ್ತು. ಆ ಹನಿಯನ್ನು ಊರೇ ನೋಡಿತು. ಎರಡನೆಯ ಹನಿ ಬರಲಿಲ್ಲ.

ಸಾಹೇಬರು ಆಚೆ ತಿರುವಿದರು, ಈಚೆ ತಿರುವಿದರು. ಉಳಿದ ನಾಲ್ಕು ನಳಗಳತ್ತ ಜನ ಓಡಿದರು. ಅವುಗಳಲ್ಲಿ ಆ ಒಂದು ಹನಿಯೂ ಇಲ್ಲ. ಹುಡುಗರು, ಮುದುಕರು, ಕೋಳಿ ಹಿಡಿದುಕೊಂಡ ಯಲ್ಲವ್ವ, ಎಲ್ಲರೂ ತಮ್ಮ ಕೈಗುಣ ನೋಡಲು ಒಂದೊಂದು ಸಲ ತಿರುವಿದರು. ಯಾವ ಕಡೆ ತಿರುವಿದರೆ ತೆರೆಯುತ್ತದೆ, ಯಾವ ಕಡೆಗೆ ಮುಚ್ಚುತ್ತದೆ ಎಂಬುದು ಯಾರಿಗೆ ಗೊತ್ತು? ನಳದ ವಿದ್ಯೆ ಬಲ್ಲವನು ತಾನೊಬ್ಬನೇ ಎಂಬ ಗತ್ತಿನಲ್ಲಿ ಮುದಕಪ್ಪ ಎದ್ದು ಬಂದು, ಹಂದರದ ನಳಕ್ಕೆ ಬೆರಳಿನಿಂದ ಕುಟ್ಟಿ, ಅದರ ಬಾಯಿಗೆ ಕಿವಿ ಹಚ್ಚಿದ.

"ಒಳಗ ಉಸಿರ ಇಲ್ಲ," ಎಂದ.

"ಇಂಜಿನ್ ಚೊಲೊ ಐತಿ, ಟಾಕಿ ತುಂಬೇತಿ. ಇದೇನು ಮಾಯೆನೋ?" ಎಂದು ಸಾಹೇಬರು ಬೆವರು ಒರೆಸಿಕೊಂಡರು. "ನೋಡ್ರಿ ಚೇರ್ಮನ್ನರ, ನೀರು ಬರದ ನಾ ರುಜು ಹಾಕೂದಿಲ್ಲ. ನಾಳಿಂದ ನನಗ ಬ್ಯಾರೆ ಕಡೆ ಕೆಲಸ. ಮತ್ತ ಬರೂದು ಮಳಿಗಾಲ ಕಳದ ಮ್ಯಾಲ."

ಮಳೆಗಾಲ ಕಳೆದ ಮೇಲೆ ಮಾಲವ್ವ ಕಾರಕೂನನ ಮನೆಯಲ್ಲಿ ಸೀಮಂತದ ಸೀರೆ ಉಟ್ಟಿರುತ್ತಾಳೆ ಎಂದುಕೊಂಡ ಗೂಳಪ್ಪ. ಅಳು ಬರುವುದೊಂದು ಬಾಕಿ. ಆಗ ಯಾರೋ ಅವನ ಅಂಗಿಯ ಚುಂಗು ಹಿಡಿದು ಜಗ್ಗಿದರು. ತಿರುಗಿ ನೋಡಿದರೆ ಅವ್ವ. ಶಿವವ್ವನ ಮುಖ ಸುಣ್ಣ ಬಳಿದಂತಾಗಿತ್ತು. ಅವಳು ಮಗನನ್ನು ಹಂದರದ ಹಿಂದಕ್ಕೆ ಎಳೆದುಕೊಂಡು ಹೋದಳು.

"ಗೂಳ್ಯಾ, ಗಂಗವ್ವಗ ಸಿಟ್ಟ ಬಂದಿರಬೇಕು ನೋಡೋ. ನಿನ್ನಿ ಸಂಜಿಕ ಆಕೀಗೆ ಉಡಿ ತುಂಬೇನಿ. ಏನರ ಕಡಿಮಿ ಬಿತ್ತೋ ಏನೋ."

"ಉಡಿ ತುಂಬಿದ್ಯಾ? ಎಲ್ಲಿ, ಹಳ್ಳದಾಗೇನು?"

"ಹಳ್ಳದಾಗ ಯಾಕ ತುಂಬ್ಲಿ? ಆಕಿ ಈಗ ಹಳ್ಳದಾಗ ಎಲ್ಲಿ ಅದಾಳ? ಟಾಕಿಯೊಳಗ ಬಂದಾಳಲ್ಲ."

ಗೂಳಪ್ಪ ಏಣಿಯನ್ನು ನೋಡಿದ, ಅವ್ವನನ್ನು ನೋಡಿದ. "ಅಷ್ಟ ಮ್ಯಾಲೆ ನೀ ಹೆಂಗ ಏರಿದಿ?"

"ಹುಣಸೀ ಗಿಡಾ ಏರಿ ಬೆಳದಾಕಿ ನಾನು. ಕಚ್ಚಿ ಹಾಕಿ ಏರಿದೆ."

"ಏನೇನ ಹಾಕಿದಿ, ಹೇಳು."

"ಎಲ್ಲಾರೂ ಹಾಕೂದ. ಅಕ್ಕಿ, ಉತ್ತತ್ತಿ, ಅರಿಷಿಣ ಕೊಂಬು, ಕೊಬ್ಬರಿ ಬಟ್ಟಲ. ಮತ್ತೊಂದು ಕುಬಸದ ಖಣ."

"ಖಣ ತೆಳ್ಳಂದೋ, ದಪ್ಪಂದೋ?"

ಶಿವವ್ವನಿಗೆ ಆ ಸಂಕಟದಲ್ಲೂ ಸಿಟ್ಟು ಬಂತು. "ಗುಳೇದಗುಡ್ಡದ್ದು, ಹೊಸಾದು. ಗಂಗವ್ವಗ ಹಗೂರಂದು ಕೊಡಾಕಾಗ್ತದೇನು?"

ಗೂಳಪ್ಪ ಮುಂದಿನ ಮಾತು ಕೇಳಲು ನಿಲ್ಲಲಿಲ್ಲ. ಧೋತರ ಎತ್ತಿ ಕಟ್ಟಿ, ಅಂಗಿ ಕಳೆದು ಎಸೆದು, ಏಣಿ ಏರತೊಡಗಿದ. ಕೆಳಗೆ ಎಲ್ಲರೂ ಮುಖ ಮೇಲೆತ್ತಿದರು. ಹುಡುಗ ಬೇಸತ್ತು ಬೀಳಲು ಹೊರಟನೇನೋ ಎಂದು ಬಸಲಿಂಗಯ್ಯನವರು ಶಿವಶಿವಾ ಎಂದರು. ಗೂಳಪ್ಪ ಮುಚ್ಚಳ ಸರಿಸಿ, ಮೂಗು ಹಿಡಿದು ಒಳಗೆ ಧುಮುಕಿದ.

ಒಳಗೆ ಕತ್ತಲೆ, ತಣ್ಣಗಿನ ನೀರು. ಬಾವಿಯಲ್ಲಿ ಈಜಿ ಬೆಳೆದವನು ತಳಕ್ಕೆ ಮುಳುಗಿ ಕೈಯಾಡಿಸಿದ. ಕೊಳವೆಯ ಬಾಯಿ ಸಿಕ್ಕಿತು. ಆ ಬಾಯಿಗೆ ಕೊಬ್ಬರಿ ಬಟ್ಟಲು ಬೋರಲಾಗಿ ಕೂತಿತ್ತು, ಅದರ ಸುತ್ತ ಖಣ ಬಿಗಿಯಾಗಿ ಸಿಕ್ಕಿಕೊಂಡಿತ್ತು. ಅವ್ವ ಏನು ಮಾಡಿದರೂ ಗಟ್ಟಿ ಮಾಡುತ್ತಾಳೆ. ಒಂದು ಸಲ ಜಗ್ಗಿದ, ಬರಲಿಲ್ಲ. ಮೇಲೆ ಬಂದು ಉಸಿರು ತೆಗೆದುಕೊಂಡು ಮತ್ತೆ ಮುಳುಗಿ, ಎರಡೂ ಕಾಲು ತಳಕ್ಕೆ ಒತ್ತಿ, ಮಾಲವ್ವನನ್ನು ನೆನೆದು ಜಗ್ಗಿದ. ಖಣ ಕಿತ್ತು ಕೈಗೆ ಬಂತು. ಹಿಂದೆಯೇ ನೀರು ಗುಳುಗುಳು ಎಂದು ಕೊಳವೆಗೆ ಇಳಿಯಿತು.

ಗೂಳಪ್ಪ ಖಣ ಹಿಡಿದುಕೊಂಡು ಟಾಕಿಯ ನೆತ್ತಿಗೆ ಬಂದು ನಿಂತಾಗ ಕೆಳಗೆ ಊರು ಊರಾಗಿ ಉಳಿದಿರಲಿಲ್ಲ. ಐದೂ ನಳಗಳನ್ನು ಜನ ತಿರುವಿ ತಿರುವಿ ಪೂರ್ತಿ ತೆರೆದೇ ಬಿಟ್ಟಿದ್ದರು. ನೀರು ಒಮ್ಮೆಲೇ ನುಗ್ಗಿ ಬಂದಿತ್ತು. ಇನ್ನೂ ಕಿವಿ ಹಚ್ಚಿ ಕುಂತಿದ್ದ ಮುದಕಪ್ಪನ ರುಮಾಲು ಹಾರಿ ಎತ್ತಿನ ಕಾಲ ಬಳಿ ಬಿದ್ದಿತ್ತು. ಸಾಹೇಬರ ಪ್ಯಾಂಟು ಮೊಣಕಾಲ ತನಕ ಒದ್ದೆ. ಹೆಂಗಸರು ಕೊಡಗಳಿಗೆ ಓಡುತ್ತಿದ್ದರು, ಹುಡುಗರು ನಳದ ಕೆಳಗೆ ಮಲಗಿಬಿಟ್ಟಿದ್ದರು. ಮುಚ್ಚುವುದು ಯಾವ ಕಡೆಗೆಂದು ಗೊತ್ತಾಗದೆ ಬಸಲಿಂಗಯ್ಯನವರು ಅಂಗೈ ಅಡ್ಡ ಹಿಡಿದು ನೀರನ್ನು ಎಲ್ಲರ ಮೇಲೂ ಸಮನಾಗಿ ಸಿಡಿಸುತ್ತಿದ್ದರು. ಗೂಳಪ್ಪ ನಕ್ಕ, ಕೂಗಿದ, ಖಣ ಬೀಸಿದ.

ಆ ಖಣ ಕಂಡ ಸಾಹೇಬರು ಏನೋ ಕೂಗಿ ಕೇಳಿದರು. ನೀರಿನ ಸದ್ದು, ಜನರ ಕೇಕೆ, ಮೇಲೆ ಏನೂ ಕೇಳಿಸಲಿಲ್ಲ. ಕಣ್ಣಿಗೆ ಕಂಡದ್ದಿಷ್ಟು. ಅವ್ವ ಮುಂದೆ ಬಂದಳು. ಕೈ ಮುಗಿದಳು. ಏನೋ ಹೇಳುತ್ತ ಹೇಳುತ್ತ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಸಾಹೇಬರು ಹಣೆ ಚಚ್ಚಿಕೊಂಡರು. ಮುದಕಪ್ಪ ರುಮಾಲು ಹಿಂಡುತ್ತ ಜೋರಾಗಿ ಕೈ ತಿರುವಿದ. ಅಷ್ಟು ಹೊತ್ತೂ ಸುಮ್ಮನೆ ಕುಂತಿದ್ದ ಸಿದ್ದಕ್ಕ ಎದ್ದು ನಿಂತಳು. ಗಂಡನಿಗೆ ಏನೋ ಅಂದಳು. ಮಗಳ ಕೈ ಹಿಡಿದು ಹಂದರ ಬಿಟ್ಟು ಹೊರಟೇಬಿಟ್ಟಳು, ಅವರ ಹಿಂದೆ ಮುದಕಪ್ಪ, ಅವನ ಹಿಂದೆ ಅವ್ವ.

ಗೂಳಪ್ಪನ ನಗು ಬಾಯಲ್ಲೇ ನಿಂತಿತು. ಚಕ್ಕಡಿ ನಿಂತದ್ದು ಅದೇ ದಾರಿಯಲ್ಲಿ. ಹೋದರು, ಎಲ್ಲ ಮುಗಿಯಿತು, ಊರಿಗೆ ನೀರು ಬಂತು, ತನಗೆ ಹೆಣ್ಣು ಬರಲಿಲ್ಲ. ಅವ್ವನ ಮೇಲೆ ಸಿಟ್ಟು ಮಾಡಬೇಕೆಂದುಕೊಂಡ, ಆಗಲಿಲ್ಲ. ಬೀಗರ ಬೆನ್ನ ಹಿಂದೆ ಹಾಗೆ ಓಡುತ್ತಿದ್ದವಳನ್ನು ಕಂಡು ಕರುಳು ಚುರ್ ಎಂದಿತು.

ಅಷ್ಟರಲ್ಲಿ ಏಣಿಯ ಮೇಲೆ ಸಾತಪ್ಪನ ತಲೆ ಕಾಣಿಸಿತು. "ಏ, ಇನ್ನೂ ಇಲ್ಲೇ ನಿಂತೀಯಲ್ಲೋ. ಬೀಗ್ರು ನಿಮ್ಮ ಮನಿಗೆ ಹೋಗ್ಯಾರ."

"ಚಕ್ಕಡಿಗಲ್ಲೇನು?"

"ಮನಿಗಪ್ಪಾ. ಸಾಹೇಬ್ರು ಕೇಳಿದ್ರು, ಈ ಅರಿವಿ ಟಾಕ್ಯಾಗ ಯಾರ ಹಾಕಿದ್ದು ಅಂತ. ನಿಮ್ಮವ್ವ ಮುಂದ ಬಂದು, 'ನಾನ ರಿ' ಅಂದ್ಲು. 'ಮದಿವ್ಯಾಗಿ ಬಂದಾಗಿಂದ ಆಕಿನ್ನ ತಲಿ ಮ್ಯಾಲ ಹೊತ್ತು ತಂದೇನಿ. ಇವತ್ತ ತಾನಾ ನಡಕೊಂತ ನಮ್ಮ ಬಾಗಲಿಗೆ ಬಂದಾಳ. ಬರಿಗೈಲೆ ಹೆಂಗ ಒಳಗ ಕರ್ಕೊಳ್ಳಿ?' ಅಂತ ಅಳಾಕತ್ತಿದ್ಲು."

ಗೂಳಪ್ಪ ನೀರು ಸೋರುತ್ತಿದ್ದ ಖಣವನ್ನು ಮೆಲ್ಲಗೆ ಹಿಂಡಿದ.

"ಮುದಕಪ್ಪನೋರು, ಚೊಲೊ ಇದ್ದ ನಳಾ ಕೆಡಿಸಿಟ್ಟಾಳ ಇವ್ರವ್ವ ಅಂತ ಹಾರಾಡಾಕತ್ತಿದ್ರು. ಸಿದ್ದಕ್ಕ ಎದ್ದು ಒಂದ ಮಾತ ಅಂದ್ಲು ನೋಡು. 'ನೀವು ನಳ ನೋಡಾಕ ಬಂದಿದ್ರಿ, ನಾ ಅತ್ತೀನ್ನ ನೋಡಾಕ ಬಂದಿದ್ದೆ. ನೀರಿಗೇ ಇಷ್ಟ ಮಾಡಾಕಿ ನನ್ನ ಮಗಳಿಗೇನ ಕಡಿಮಿ ಮಾಡ್ತಾಳ? ಏಳ್ರಿ, ಮಾತ ಮುಗಸೂಣು.' ಮುಗೀತು. ಸಾಹೇಬ್ರೂ ಐದೂ ನಳಾ ನೋಡಿ ರುಜು ಹಾಕಿದ್ರು. ನೀ ಒಳಗ ಮೈ ತೊಕ್ಕೊಂಡೀಯಲ್ಲ, ಅದಕ್ಕ ಟಾಕಿ ಖಾಲಿ ಮಾಡಿ, ತೊಳದು, ಔಷಧ ಹಾಕಿ ಮತ್ತ ತುಂಬಸ್ರಿ ಅಂದಾರ. ಅದೊಂದು ಕೆಲಸ ಐತಿ ನನಗ."

ಗೂಳಪ್ಪ ಓಣಿಯತ್ತ ನೋಡಿದ. ಅವನ ಮನೆಯ ಬಾಗಿಲಲ್ಲಿ ಅವ್ವ, ಸಿದ್ದಕ್ಕ ಇಬ್ಬರೂ ಕೈ ಕೈ ಹಿಡಿದುಕೊಂಡು ನಿಂತಿದ್ದರು. ಹೊಸ್ತಿಲ ಮೇಲೆ ನಿಂತ ಮಾಲವ್ವ ಹಣೆಗೆ ಕೈ ಅಡ್ಡ ಹಿಡಿದು ಟಾಕಿಯ ಮೇಲಿದ್ದವನನ್ನೇ ನೋಡುತ್ತಿದ್ದಳು. ಗೂಳಪ್ಪನಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಕೈ ಬೀಸೋಣವೆಂದು ಖಣ ಎತ್ತಿದ, ತಾನು ಎಲ್ಲಿ ನಿಂತಿದ್ದೇನೆಂಬುದನ್ನು ಮರೆತು ಒಂದು ಹೆಜ್ಜೆ ಹಿಂದಿಟ್ಟ, ಟಾಕಿಯ ತೆರೆದ ಬಾಯಿಯೊಳಗೆ ಸೀದಾ ಹೋಗಿ ಬಿದ್ದ.

ನೀರಿನಿಂದ ತಲೆ ಮೇಲೆತ್ತಿದಾಗ ಸಾತಪ್ಪ ಏಣಿಯ ಮೇಲೆ ಕುಂತು ಬಯ್ಯುತ್ತಿದ್ದ. ಅದರಾಚೆಗೆ, ಓಣಿಯ ಆ ತುದಿಯಿಂದ, ಒಬ್ಬ ಹುಡುಗಿ ತಡೆಯಲಾರದೆ ನಗುವ ಸದ್ದು ಟಾಕಿಯೊಳಗಿನ ತನಕ ಬಂತು. ಗೂಳಪ್ಪ ಮೇಲೆ ಬರುವ ಅವಸರ ಮಾಡಲಿಲ್ಲ. ಅದು ನಿಲ್ಲುವ ತನಕ ಅಲ್ಲೇ ತೇಲುತ್ತ ಕೇಳಿಸಿಕೊಂಡ.